ಪಗಾರ ಇಳಿದಾಗ ಯಾವ ಸಾಲ ಮೊದಲು, ಯಾವುದು ಆಮೇಲೆ

ಗೋಕುಲ ರೋಡಿನ ವರ್ಕ್‌ಶಾಪಿನಲ್ಲಿ ಓವರ್‌ಟೈಮ್ ನಿಂತಿರಲಿ, ಬೆಟಗೇರಿಯಲ್ಲಿ ಮಗ್ಗ ಸುಮ್ಮನಾಗಿರಲಿ, ಬ್ಯಾಡಗಿ ಮಾರುಕಟ್ಟೆಯಲ್ಲಿ ಸೀಸನ್ ಮುಗಿದು ಹಮಾಲಿ ಕೆಲಸ ಕಡಿಮೆಯಾಗಿರಲಿ, ಆಮೇಲೆ ಮನೆಯಲ್ಲಿ ಆಗುವುದು ಒಂದೇ. ಯಾರು ಬಾಗಿಲಿಗೆ ಬಂದು ಜೋರು ಮಾಡುತ್ತಾರೋ ಅವರಿಗೆ ಮೊದಲು ರೊಕ್ಕ ಹೋಗುತ್ತದೆ. ಸುಮ್ಮನೆ ಕೂತ ಬಂಗಾರದ ಸಾಲ ಬಡ್ಡಿ ಕುಡಿಯುತ್ತಿರುತ್ತದೆ, ಬಾಡಿಗೆ ಎರಡು ತಿಂಗಳು ನಿಲ್ಲುತ್ತದೆ, ಕಂತು ಕಟ್ಟಲು ಇನ್ನೊಂದು ಕಡೆ ಸಾಲ ಎತ್ತುತ್ತಾರೆ. ಸರದಿಯನ್ನು ಸಾಲ ಕೊಟ್ಟವರು ಇಡಬಾರದು, ನೀವು ಇಡಬೇಕು. ಅದು ಹೇಗೆ ಎಂಬುದೇ ಇಲ್ಲಿನ ವಿಷಯ.

ಮೊದಲು ಎಲ್ಲ ಸಾಲ ಒಂದು ಹಾಳೆಯ ಮೇಲೆ

ಇನ್ನೂರು ಪುಟದ ನೋಟ್‌ಬುಕ್ ಸಾಕು. ಗಂಡ-ಹೆಂಡತಿ ಇಬ್ಬರೂ ಕೂತು ಬರೆಯಬೇಕು. ಒಬ್ಬರೇ ಬರೆದರೆ ಇನ್ನೊಬ್ಬರ ಕೈಗಡ ಹಾಳೆಗೆ ಬರುವುದಿಲ್ಲ, ಮೂರನೇ ತಿಂಗಳಿಗೆ ಲೆಕ್ಕ ಬಿದ್ದುಹೋಗುತ್ತದೆ. ಪ್ರತಿ ಸಾಲಕ್ಕೂ ಇಷ್ಟು ಬೇಕು: ಯಾರದು, ಇವತ್ತಿಗೆ ಬಾಕಿ ಅಸಲು ಎಷ್ಟು, ಕಂತು ಎಷ್ಟು, ಯಾವ ತಾರೀಖು, ಬಡ್ಡಿ ಎಷ್ಟು, ಏನು ಒತ್ತೆ ಇದೆ, ಯಾರು ಜಾಮೀನು.

ಬಿಟ್ಟುಹೋಗುವವು ಯಾವಾಗಲೂ ಅವೇ: ಕಿರಾಣಿ ಅಂಗಡಿಯ ಉದ್ರಿ, ಬೀಗರ ಕೈಗಡ, ಮೊಬೈಲ್ ಕಂತು, ಮತ್ತು ಭಿಶಿ (ಗುಂಪಿನಲ್ಲಿ ಎಲ್ಲರೂ ಕಂತು ಹಾಕಿ, ಸರದಿಯಂತೆ ಒಬ್ಬೊಬ್ಬರು ಮೊತ್ತ ಎತ್ತುವ ಚೀಟಿ). ಭಿಶಿಯನ್ನು ನೀವು ಈಗಾಗಲೇ ಎತ್ತಿದ್ದರೆ ಉಳಿದ ಕಂತುಗಳೆಲ್ಲ ಸಾಲವೇ. ಉಳಿತಾಯ ಎಂದು ಬೇರೆ ಪುಟದಲ್ಲಿ ಬರೆದುಕೊಳ್ಳಬೇಡಿ. ಬೇರೆಯವರಿಗಾಗಿ ನಿಮ್ಮ ಹೆಸರಿನಲ್ಲಿ ಎತ್ತಿಕೊಟ್ಟ ಸಂಘದ ಸಾಲವೂ ನಿಮ್ಮದೇ. ಓಣಿಯಲ್ಲಿ ಅದು ಅವರ ಸಾಲ ಇರಬಹುದು, ಕಾಗದದಲ್ಲಿ ಹೆಸರು ನಿಮ್ಮದು.

ಬಡ್ಡಿಯನ್ನು ಎಲ್ಲರೂ ಒಂದೇ ಭಾಷೆಯಲ್ಲಿ ಹೇಳುವುದಿಲ್ಲ, ಆದ್ದರಿಂದ ಎಲ್ಲವನ್ನೂ ವರ್ಷದ ಲೆಕ್ಕಕ್ಕೆ ತನ್ನಿ. 'ನೂರಕ್ಕೆ ಐದು' ಎಂದರೆ ತಿಂಗಳಿಗೆ ಐದು, ವರ್ಷಕ್ಕೆ 60. ಮೀಟರ್ ಬಡ್ಡಿಯವರು ನೂರಕ್ಕೆ ಹತ್ತು ಹಾಕಿ, ಮೊದಲ ತಿಂಗಳ ಬಡ್ಡಿ ಮುರಿದುಕೊಂಡೇ ಕೊಡುತ್ತಾರೆ. 20,000ದ ಸಾಲಕ್ಕೆ ಕೈಗೆ ಬರುವುದು 18,000, ಹತ್ತು ತಿಂಗಳು 2,000ದಂತೆ ಕಟ್ಟಿದ ಮೇಲೂ ಅಸಲು 20,000 ಹಾಗೇ ನಿಂತಿರುತ್ತದೆ. ಇನ್ನು 'ಫ್ಲ್ಯಾಟ್ 12 ಪರ್ಸೆಂಟ್'. 50,000ಕ್ಕೆ ಎರಡು ವರ್ಷಕ್ಕೆ 12,000 ಬಡ್ಡಿ ಸೇರಿಸಿ 24 ಕಂತು ಮಾಡಿದರೆ ತಿಂಗಳಿಗೆ ಸುಮಾರು 2,583 ರೂಪಾಯಿ. ಅಸಲು ತಿಂಗಳು ತಿಂಗಳು ಕರಗುತ್ತಿದ್ದರೂ ಬಡ್ಡಿ ಪೂರ್ತಿ 50,000ದ ಮೇಲೇ ಹಾಕಿದ್ದರಿಂದ, ಬ್ಯಾಂಕಿನ ಕರಗುವ ಬಾಕಿಯ ಲೆಕ್ಕದಲ್ಲಿ ಅದು ಶೇಕಡಾ 21.6 ಆಗುತ್ತದೆ.

ಒಂದು ಮನೆಯ ಲೆಕ್ಕ

ಹುಬ್ಬಳ್ಳಿಯ ಒಂದು ಮನೆ ಎಂದು ಊಹಿಸಿಕೊಳ್ಳಿ. ನಾಲ್ಕು ಜನ. ಗಂಡನ ಪಗಾರ 19,000ದಿಂದ 13,000ಕ್ಕೆ ಇಳಿದಿದೆ. ಹೆಂಡತಿಗೆ ಹೊಲಿಗೆಯಿಂದ 6,000. ಒಟ್ಟು 25,000 ಇದ್ದದ್ದು 19,000 ಆಯಿತು. ಗೃಹಲಕ್ಷ್ಮಿಯ 2,000ವನ್ನು ಬೇಕೆಂದೇ ಇದರಲ್ಲಿ ಹಿಡಿದಿಲ್ಲ. ಅದು ಒಮ್ಮೆ ತಡವಾಗುತ್ತದೆ, ಒಮ್ಮೆ ಎರಡು ತಿಂಗಳದ್ದು ಕೂಡಿ ಬರುತ್ತದೆ. ಖಾತೆಗೆ ಬಿದ್ದ ಮೇಲಷ್ಟೇ ಅದು ರೊಕ್ಕ.

ತಿಂಗಳ ಖರ್ಚು: ಬಾಡಿಗೆ 4,500, ಕಿರಾಣಿ-ಕಾಯಿಪಲ್ಯ-ಹಾಲು 6,000, ಗ್ಯಾಸ್ 800, ನೀರು ಮತ್ತು ಕರೆಂಟು 300, ಪೆಟ್ರೋಲ್ 1,200, ಮಕ್ಕಳ ಶಾಲೆ 700, ಬಿಪಿ ಗುಳಿಗೆ 600, ಮೊಬೈಲ್ 400. ಕೂಡಿದರೆ 14,500. ಸಾಲಕ್ಕೆ ಉಳಿಯುವುದು 4,500.

ಸಾಲದ ಕಂತು: ಒಂದು ಮೈಕ್ರೋ ಫೈನಾನ್ಸಿಗೆ ಹದಿನೈದು ದಿನಕ್ಕೊಮ್ಮೆ 1,150ರಂತೆ 2,300, ಇನ್ನೊಂದಕ್ಕೆ ತಿಂಗಳಿಗೆ 2,450, ಬೈಕಿಗೆ 2,800 (ಇನ್ನೂ ಏಳು ಕಂತು), ನೂರಕ್ಕೆ ಐದರ ಬಡ್ಡಿಯ 20,000ಕ್ಕೆ 1,000, ಬ್ಯಾಂಕಿನಲ್ಲಿಟ್ಟ ಬಂಗಾರದ 60,000ಕ್ಕೆ ಶೇಕಡಾ 11ರಂತೆ 550. ಒಟ್ಟು 9,100. ಇದಲ್ಲದೆ ಕಿರಾಣಿ ಉದ್ರಿ 6,500, ಅಣ್ಣನ ಹತ್ತಿರದ ಕೈಗಡ 15,000. ತಿಂಗಳಿಗೆ 4,600 ಕೊರತೆ.

ಇಲ್ಲೊಂದು ವಿಚಿತ್ರ ನೋಡಿ. ಮೈಕ್ರೋ ಫೈನಾನ್ಸಿಗೆ ರಿಸರ್ವ್ ಬ್ಯಾಂಕ್ 2022ರಲ್ಲಿ ಹಾಕಿದ ನಿಯಮದಂತೆ, ವರ್ಷಕ್ಕೆ 3 ಲಕ್ಷದೊಳಗಿನ ವರಮಾನದ ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ವರಮಾನದ ಅರ್ಧ ದಾಟಬಾರದು. 19,000ದ ಅರ್ಧ 9,500. ಅಂದರೆ ಈ ಮನೆ ಕಾಗದದಲ್ಲಿ ಇನ್ನೂ ಮಿತಿಯೊಳಗೇ ಇದೆ! 'ಕೊಡ್ತೇವೆ ಬರ್ರಿ' ಎಂದು ಯಾರಾದರೂ ಕರೆದರೆ ಅದು ನಿಮ್ಮ ಕೈಲಾಗುತ್ತದೆ ಎಂಬುದಕ್ಕೆ ಸಾಕ್ಷಿಯಲ್ಲ. ಆ ಅರ್ಧದ ಮಿತಿ ಸಾಲ ಕೊಡುವವರಿಗೆ ಹಾಕಿದ ಗೆರೆ. ಒಲೆ ಉರಿಯುವ ಲೆಕ್ಕ ಬೇರೆ.

4,600ವನ್ನು ತುಂಬುವುದು

ತರಕಾರಿಯಲ್ಲಿ ಐವತ್ತು, ಚಹಾದಲ್ಲಿ ನೂರು ಉಳಿಸಿ ಈ ಕೊರತೆ ತುಂಬುವುದಿಲ್ಲ. ಮೊದಲು ದೊಡ್ಡದನ್ನು ಮುಟ್ಟಬೇಕು. ಈ ಮನೆಯಲ್ಲಿ ಅದು ಬೈಕು.

ಬೈಕ್ 42,000ಕ್ಕೆ ಹೋಗುತ್ತದೆ ಎಂದುಕೊಳ್ಳೋಣ. ಸಾಲ ಮುಚ್ಚಲು ಶುಲ್ಕ ಸೇರಿ ಸುಮಾರು 19,000. ಕೈಯಲ್ಲಿ 23,000. ಅದರಲ್ಲಿ 21,000 ಕೊಟ್ಟು ನೂರಕ್ಕೆ ಐದರ ಸಾಲವನ್ನು ಆ ತಿಂಗಳ ಬಡ್ಡಿ ಸಹಿತ ಮುಗಿಸಿ, 2,000 ಆಪತ್ತಿನ ಡಬ್ಬಿಗೆ ಹಾಕಿ. ತಿಂಗಳ ಕಂತಿನಲ್ಲಿ 2,800 ಮತ್ತು 1,000 ಎರಡೂ ಹೋದವು. ಪೆಟ್ರೋಲಿನ 1,200 ಗಂಡನ ಬಸ್ ಖರ್ಚಿಗೆ ಇರಲಿ, ಹೆಂಡತಿಗೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸು ಪುಕ್ಕಟೆ. ಕೊರತೆ 4,600ರಿಂದ 800ಕ್ಕೆ ಇಳಿಯಿತು.

ಬೈಕ್ ಮಾರಲು ಮನೆಯಲ್ಲಿ ಯಾರೂ ಒಪ್ಪುವುದಿಲ್ಲ. 'ನಾಲ್ಕು ಮಂದ್ಯಾಗ ಹೆಂಗ ಮುಖಾ ತೋರ್ಸೂದು' ಎನ್ನುತ್ತಾರೆ. ಆದರೆ ಕಂತು ನಿಂತು ಫೈನಾನ್ಸಿನವರು ಎಳೆದುಕೊಂಡು ಹೋದರೆ ಹರಾಜಿನ ರೇಟು ನೀವು ನಿಂತು ಮಾರಿದ ರೇಟಿಗಿಂತ ಕಡಿಮೆ ಇರುತ್ತದೆ, ಜಪ್ತಿ ಮತ್ತು ಗೋದಾಮಿನ ಖರ್ಚೂ ನಿಮ್ಮ ತಲೆಗೆ. ಬೈಕಿಲ್ಲದೆ ದುಡಿಮೆಯೇ ಇಲ್ಲ ಎನ್ನುವವರು, ಡೆಲಿವರಿ ಮಾಡುವವರು, ಹಾಲು ಹಾಕುವವರು ಇದನ್ನು ಮುಟ್ಟಬೇಡಿ. ಅವರಿಗೆ ಬೈಕ್ ಕಂತು ಬಾಡಿಗೆಯಷ್ಟೇ ಮುಖ್ಯ.

ಮಾರುವಾಗ ಕ್ರಮ ತಪ್ಪಬಾರದು. ಮೊದಲು ಸಾಲ ಕೊಟ್ಟವರಿಂದ ಮುಚ್ಚುವ ಮೊತ್ತದ ಪತ್ರ ಲಿಖಿತದಲ್ಲಿ ಪಡೆಯಿರಿ. ಕಟ್ಟಿದ ಮೇಲೆ ಎನ್‌ಒಸಿ (ತಕರಾರಿಲ್ಲ ಎಂಬ ಪತ್ರ) ಮತ್ತು ಸಹಿ ಮಾಡಿದ ಫಾರ್ಮ್ 35 ತೆಗೆದುಕೊಂಡು ಆರ್‌ಟಿಒದಲ್ಲಿ ಆರ್‌ಸಿ ಮೇಲಿನ ಫೈನಾನ್ಸಿನ ಹೆಸರು ತೆಗೆಸಬೇಕು, ಫಾರ್ಮ್ 29 ಮತ್ತು 30ರಲ್ಲಿ ಗಾಡಿ ಕೊಳ್ಳುವವರ ಹೆಸರಿಗೆ ಹೋಗಬೇಕು. 'ಆಮ್ಯಾಲೆ ಹೆಸರು ಮಾಡಿಸ್ಕೋತೇನಿ' ಎಂದು ಗಾಡಿ ಒಯ್ದವರು ಅಪಘಾತ ಮಾಡಿದರೆ ನೋಟಿಸ್ ಬರುವುದು ನಿಮ್ಮ ಮನೆಗೆ.

ಬಡ್ಡಿಯವರ ಸಾಲ ತೀರಿಸುವಾಗ ರೊಕ್ಕಕ್ಕಿಂತ ಕಾಗದ ಮುಖ್ಯ. ಸಹಿ ಮಾಡಿದ ಖಾಲಿ ಚೆಕ್, ಬಾಂಡ್ ಪೇಪರ್ ಅವರ ಹತ್ತಿರ ಇರುತ್ತವೆ. ಎದುರಿಗೆ ಆ ಕಾಗದ ಇಟ್ಟರೆ ಮಾತ್ರ ಹಣ. ಕೊನೆಯ ಮೊತ್ತವನ್ನು ನಗದಾಗಿ ಕೊಡದೆ ಬ್ಯಾಂಕ್ ಖಾತೆಗೆ ಹಾಕಿ, ಇಬ್ಬರು ಸಾಕ್ಷಿಗಳ ಸಹಿಯೊಡನೆ 'ಸಾಲ ಪೂರ್ತಿ ಮುಟ್ಟಿದೆ' ಎಂದು ಬರೆಯಿಸಿಕೊಳ್ಳಿ. 'ಚೆಕ್ ಕಳದೈತಿ' ಎಂದರೆ ಅದೇ ದಿನ ಬ್ಯಾಂಕಿಗೆ ಹೋಗಿ ಚೆಕ್ ನಂಬರ್ ಬರೆದು ಪಾವತಿ ತಡೆಹಿಡಿಸಿ, ಅರ್ಜಿಯ ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಕರ್ನಾಟಕದಲ್ಲಿ ಲೇವಾದೇವಿಗಾರರು ತೆಗೆದುಕೊಳ್ಳಬಹುದಾದ ಬಡ್ಡಿ ಒತ್ತೆ ಇದ್ದರೆ ವರ್ಷಕ್ಕೆ ಶೇಕಡಾ 14, ಇಲ್ಲದಿದ್ದರೆ 16. ತಿಂಗಳಿಗೆ ಐದು, ಹತ್ತು ಎಂಬುದಕ್ಕೆ ಕಾನೂನಿನಲ್ಲಿ ಜಾಗವೇ ಇಲ್ಲ. ಮಾತುಕತೆಗೆ ಕೂತಾಗ ಈ ಎರಡು ಅಂಕಿ ಬಾಯಲ್ಲಿರಲಿ.

ಕಂತು ಇಳಿಸಲು ಅರ್ಜಿ

ಉಳಿದ 800ಕ್ಕೆ, ತಿಂಗಳ ಕಂತಿನ ಮೈಕ್ರೋ ಫೈನಾನ್ಸನ್ನು ಕೇಳಬೇಕು. ಬಾಕಿ 31,000. ಕಂತು 2,450ರಿಂದ 1,600ಕ್ಕೆ ಇಳಿದರೆ ಸಾಕು. ಅವಧಿ ಉದ್ದವಾಗುತ್ತದೆ, ಒಟ್ಟು ಬಡ್ಡಿ ಹೆಚ್ಚಾಗುತ್ತದೆ, ಕ್ರೆಡಿಟ್ ವರದಿಯಲ್ಲೂ (ನೀವು ಸಾಲ ಎತ್ತಿದ, ಕಟ್ಟಿದ ದಾಖಲೆ) ಗುರುತು ಬೀಳಬಹುದು. ಆದರೂ ಕಂತು ತಪ್ಪಿಸುವುದಕ್ಕಿಂತ ಮೇಲು.

ಕೇಳಬೇಕಾದ ಸಮಯ, ಕಂತು ತಪ್ಪುವ ಮೊದಲು. ತಪ್ಪಿದ ಮೇಲೆ ಹೋದರೆ ನೀವು ಬಾಕಿದಾರರು, ಮೊದಲೇ ಹೋದರೆ ಗ್ರಾಹಕರು. ವಸೂಲಿಗೆ ಬರುವ ಹುಡುಗನಿಗೆ ಹೇಳಿ ಪ್ರಯೋಜನವಿಲ್ಲ. ಅವನಿಗೆ ಅಧಿಕಾರವಿಲ್ಲ, ಟಾರ್ಗೆಟ್ ಇದೆ. ಶಾಖೆಗೆ ಹೋಗಿ ಹೀಗೆ ಬರೆದುಕೊಡಿ:

'ಶಾಖಾ ವ್ಯವಸ್ಥಾಪಕರಿಗೆ. ವಿಷಯ: ಸಾಲ ಖಾತೆ ಸಂಖ್ಯೆ ______ರ ಕಂತು ಮರುಹೊಂದಾಣಿಕೆ. ಮಾನ್ಯರೇ, ಇಲ್ಲಿಯವರೆಗೆ ___ ಕಂತುಗಳನ್ನು ಕಟ್ಟಿದ್ದೇನೆ. ನಮ್ಮ ಮನೆಯ ತಿಂಗಳ ವರಮಾನ 25,000ದಿಂದ 19,000ಕ್ಕೆ ಇಳಿದಿದೆ (ಪಗಾರ ಚೀಟಿ ಲಗತ್ತಿಸಿದೆ). ಸಾಲ ಪೂರ್ತಿ ತೀರಿಸುವ ಇಚ್ಛೆ ಇದೆ. ಈಗಿನ 2,450ರ ಬದಲು ತಿಂಗಳಿಗೆ 1,600ರಂತೆ, ಪ್ರತಿ ತಿಂಗಳ 12ನೇ ತಾರೀಖಿಗೆ ಕಟ್ಟಲು ಅನುಕೂಲ ಮಾಡಿಕೊಡಬೇಕೆಂದು ಕೋರುತ್ತೇನೆ. ಹೊಸ ಸಾಲ ಅಥವಾ ಟಾಪ್‌ಅಪ್ ಬೇಡ. ಬದಲಾದ ಕಂತಿನ ಪಟ್ಟಿಯನ್ನು ಲಿಖಿತವಾಗಿ ಕೊಡಿ.'

ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು ಮತ್ತು ತಾರೀಖು ಹಾಕಿಸಿಕೊಳ್ಳಿ. ಟಾಪ್‌ಅಪ್ ಬೇಡ ಎಂಬ ಸಾಲು ಸುಮ್ಮನೆ ಸೇರಿಸಿದ್ದಲ್ಲ. 'ಹಳೇದು ಮುಚ್ಚಿ ಹೊಸಾದು ಕೊಡ್ತೇವ್ರಿ ಅಕ್ಕಾರ, ಕೈಯಾಗ ಎಂಟ ಸಾವಿರ ಬರ್ತೈತಿ' ಎನ್ನುವುದು ಸಾಮಾನ್ಯ. ಹೊಸ ಸಾಲಕ್ಕೆ ಮತ್ತೆ ಪ್ರೊಸೆಸಿಂಗ್ ಫೀ, ಮತ್ತೆ ವಿಮೆ, ಬಡ್ಡಿ ಹೆಚ್ಚಿರುವ ಮೊದಲ ಕಂತುಗಳು ಮತ್ತೆ ಶುರು. ಎಂಟು ಸಾವಿರ ತಿಂಗಳೊಪ್ಪತ್ತಿನಲ್ಲಿ ಖರ್ಚಾಗುತ್ತದೆ, ಕಂತು ಎರಡು ವರ್ಷ ಇರುತ್ತದೆ.

ಗುಂಪಿನ ಸಾಲವಾದರೆ ಸಂಗಡಿಗರಿಗೆ ಮೊದಲೇ ಹೇಳಿ. ನೀವು ಕಟ್ಟದಿದ್ದರೆ ಒತ್ತಡ ಅವರ ಮೇಲೆ ಬೀಳುತ್ತದೆ. ಶಾಖೆಗೆ ಅವರಲ್ಲೊಬ್ಬರನ್ನು ಕರೆದುಕೊಂಡು ಹೋಗುವುದು ಇನ್ನೂ ಒಳ್ಳೆಯದು. ಹದಿನೈದು ದಿನದ ಕಂತಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅದು ನಿಜಕ್ಕೂ ಹದಿನಾಲ್ಕು ದಿನಕ್ಕೊಮ್ಮೆ, ವರ್ಷಕ್ಕೆ 24 ಅಲ್ಲ, 26 ಕಂತು. ವರ್ಷದಲ್ಲಿ ಎರಡು ತಿಂಗಳಿಗೆ ಮೂರು ಕಂತು ಬೀಳುತ್ತವೆ. ಕ್ಯಾಲೆಂಡರಿನಲ್ಲಿ ಈಗಲೇ ಆ ತಿಂಗಳುಗಳಿಗೆ ಗುರುತು ಹಾಕಿ. ಸರಿಯಾಗಿ ನಡೆಯುತ್ತಿದ್ದ ಲೆಕ್ಕ ಮೊದಲು ಮುರಿಯುವುದು ಅಲ್ಲೇ.

ಸಾಲದ ಕಾರ್ಡಿನಲ್ಲಿ ವಿಮೆಯ ಸಾಲನ್ನು ಓದಿ. ಸಾಲಗಾರರು ತೀರಿಕೊಂಡರೆ, ಕೆಲವದರಲ್ಲಿ ಸಂಗಾತಿ ತೀರಿಕೊಂಡರೂ, ವಿಮೆಯಿಂದ ಸಾಲ ಮುಚ್ಚುತ್ತದೆ. ಗೊತ್ತಿಲ್ಲದೆ ಮನೆಯವರು ಕಂತು ಕಟ್ಟುತ್ತಲೇ ಇರುವುದುಂಟು.

ಸರದಿ

ಹಾಗಾದರೆ ಕ್ರಮವೇನು? ಮನೆ ಬಾಡಿಗೆ, ಊಟ, ಔಷಧ, ದುಡಿಮೆಗೆ ಹೋಗುವ ಖರ್ಚು ಮೊದಲು. ಅದರ ನಂತರ, ಕಟ್ಟದಿದ್ದರೆ ವಸ್ತು ಕಳೆದುಹೋಗುವ ಸಾಲ: ಬಂಗಾರ, ಮನೆ, ದುಡಿಯುವ ಗಾಡಿ. ಆಮೇಲೆ ಗುಂಪಿನ ಮತ್ತು ಬ್ಯಾಂಕಿನ ಕಂತು. ಹೆಚ್ಚಿಗೆ ಕೈಗೆ ಬಂದದ್ದೆಲ್ಲ, ಬೋನಸ್ ಇರಲಿ, ಹಬ್ಬದ ಹೊಲಿಗೆ ಇರಲಿ, ಅತಿ ಹೆಚ್ಚು ಬಡ್ಡಿಯ ಅಸಲಿಗೆ. ಬಡ್ಡಿಯಿಲ್ಲದ ಕೈಗಡ ಕೊನೆಗೆ. ಆದರೆ ಅಣ್ಣನಿಗೆ ಮುಖ ತಪ್ಪಿಸಿ ಓಡಾಡಬೇಡಿ. ಹೋಗಿ, 'ಅಣ್ಣಾ, ಮುಂದಿನ ದೀಪಾವಳಿ ತನಕ ತಡಕೋ, ಆಮ್ಯಾಲೆ ತಿಂಗಳಾ ಸಾವಿರ ಕೊಡ್ತೇನಿ' ಎಂದು ಬಾಯಿಬಿಟ್ಟು ಹೇಳಿ.

ಬಂಗಾರದ ಸಾಲವನ್ನು ಜನ ಮರೆಯುವುದು ಅದು ತಿಂಗಳು ತಿಂಗಳು ಕೇಳುವುದಿಲ್ಲ ಎಂಬ ಕಾರಣಕ್ಕೆ. 60,000ಕ್ಕೆ ವರ್ಷದ ಬಡ್ಡಿ 6,600. ವಾಯಿದೆಯ ದಿನ ಅಷ್ಟು ಒಟ್ಟಿಗೆ ಇರುವುದಿಲ್ಲ. ತಿಂಗಳಿಗೆ 550 ಆ ಖಾತೆಗೇ ಕಟ್ಟುತ್ತ ಬಂದರೆ ನವೀಕರಣ ಸುಲಭ. ಎಲ್ಲ ಒಡವೆ ಉಳಿಸಲು ಆಗದು ಎನ್ನಿಸಿದರೆ, ಭಾಗಶಃ ಕಟ್ಟಿ ಒಂದನ್ನು ಬಿಡಿಸಿ, ಅದನ್ನು ನೀವೇ ಮಾರಿ ಉಳಿದದ್ದಕ್ಕೆ ಹಾಕುವುದು ಹರಾಜಿಗಿಂತ ಲಾಭ. ಹರಾಜು ಆಗಿಯೇ ಹೋದರೆ, ಸಾಲ-ಬಡ್ಡಿ-ಖರ್ಚು ಕಳೆದು ಉಳಿದ ರೊಕ್ಕ ನಿಮ್ಮದು. ಲೆಕ್ಕ ಕೇಳಿ ಪಡೆಯಿರಿ.

ಕ್ರೆಡಿಟ್ ಕಾರ್ಡ್ ಇದ್ದವರು 'ಮಿನಿಮಮ್ ಡ್ಯೂ' ಕಟ್ಟಿ ನೆಮ್ಮದಿಯಾಗಬೇಡಿ. ಉಳಿದ ಬಾಕಿಗೆ ತಿಂಗಳಿಗೆ ಮೂರರಿಂದ ಮೂರುಮುಕ್ಕಾಲು ಬಡ್ಡಿ, ಅದರ ಮೇಲೆ ಶೇಕಡಾ 18 ಜಿಎಸ್‌ಟಿ, ಹೊಸ ಖರೀದಿಗೂ ಮೊದಲ ದಿನದಿಂದಲೇ ಬಡ್ಡಿ. ಕಾರ್ಡನ್ನು ಕತ್ತರಿಸಿ, ಬಾಕಿಯನ್ನು ಕಂತಾಗಿ ಪರಿವರ್ತಿಸಲು ಕೇಳಿ.

ಇನ್ನು ತನ್ನಿಂತಾನೇ ಕಡಿತವಾಗುವ ಕಂತು. ಖಾತೆಯಲ್ಲಿ ಹಣವಿಲ್ಲದೆ ಅದು ಬೌನ್ಸ್ ಆದರೆ ನಿಮ್ಮ ಬ್ಯಾಂಕೂ ದಂಡ ಹಾಕುತ್ತದೆ, ಸಾಲ ಕೊಟ್ಟವರೂ ಹಾಕುತ್ತಾರೆ. ಪಗಾರ 10ಕ್ಕೆ ಬರುವವರು 5ನೇ ತಾರೀಖಿನ ಕಂತನ್ನು 12ಕ್ಕೆ ಸರಿಸಿಕೊಳ್ಳಲು ಬರೆದುಕೊಡಿ. ಬಾಡಿಗೆ-ಕಿರಾಣಿಯ ಹಣವನ್ನು ಕಡಿತದ ಖಾತೆಯಲ್ಲಿ ಬಿಡದೆ ಬೇರೆ ಖಾತೆಯಲ್ಲಿಡಿ.

ವಾರದ ಡಬ್ಬಿ

ತಿಂಗಳ ಬಜೆಟ್ ಎಂದು ಬರೆದಿಟ್ಟದ್ದು ಇಪ್ಪತ್ತನೇ ತಾರೀಖಿಗೆ ಮುಗಿಯುತ್ತದೆ. ಸಂತೆ ವಾರಕ್ಕೊಮ್ಮೆ, ಆದ್ದರಿಂದ ಡಬ್ಬಿಯೂ ವಾರಕ್ಕೊಂದು. 6,000ವನ್ನು ನಾಲ್ಕಕ್ಕೆ ಭಾಗಿಸಿದರೆ ತಪ್ಪು, ತಿಂಗಳಲ್ಲಿ ನಾಲ್ಕು ವಾರದ ಮೇಲೆ ಎರಡು-ಮೂರು ದಿನ ಇರುತ್ತವೆ. ವಾರಕ್ಕೆ 1,350ರಂತೆ ನಾಲ್ಕು ಡಬ್ಬಿ, ಕೊನೆಯ ದಿನಗಳಿಗೆ 600. ಈ ವಾರದ ಡಬ್ಬಿ ಗುರುವಾರವೇ ಖಾಲಿಯಾದರೆ ಮುಂದಿನದಕ್ಕೆ ಕೈ ಹಾಕದೆ ಮನೆಯಲ್ಲಿದ್ದ ಕಾಳು-ಕಡಿಯಲ್ಲಿ ದಾಟಿಸಿ.

ಕಿರಾಣಿ ಅಂಗಡಿಯವರಿಗೆ ಹಳೆಯ 6,500ಕ್ಕೆ ತಿಂಗಳಿಗೆ 500 ಎಂದು ಗೊತ್ತುಮಾಡಿ, ಹೊಸ ಸಾಮಾನು ನಗದಿಗೇ ತನ್ನಿ. ಉದ್ರಿಯಲ್ಲಿ ತರುವವರು ರೇಟು ಕೇಳುವುದಿಲ್ಲ, ಚೌಕಾಶಿ ಮಾಡುವುದಿಲ್ಲ. ಕೈಯಲ್ಲಿ ನಗದಿದ್ದರೆ ದುರ್ಗದಬೈಲಿಗೆ ಹೋಗಿ ನಾಲ್ಕು ಅಂಗಡಿ ನೋಡಬಹುದು.

ಜೋಳದ ಲೆಕ್ಕ ಬರೆದಿಟ್ಟುಕೊಳ್ಳಿ. ಒಂದು ಕೆಜಿ ಹಿಟ್ಟಿಗೆ 12ರಿಂದ 14 ರೊಟ್ಟಿ. ದಿನಕ್ಕೆ 16 ರೊಟ್ಟಿಯ ಮನೆಗೆ ತಿಂಗಳಿಗೆ 34-40 ಕೆಜಿ ಜೋಳ ಬೇಕು. ಪ್ಯಾಕೆಟ್ ಹಿಟ್ಟು ಬಿಟ್ಟು ಕಾಳು ತಂದು ಗಿರಣಿಗೆ ಹಾಕಿಸಿ. ಹಿಂಗಾರಿ ಜೋಳ ಬರುವ ಫೆಬ್ರುವರಿ-ಮಾರ್ಚ್‌ನಲ್ಲಿ ಕೊಳ್ಳುವುದು ಅಗ್ಗ, ಆದರೆ ವರ್ಷದ ಜೋಳ ತುಂಬಲು ಸಾಲ ಮಾಡಿದರೆ ಅಗ್ಗವಾದದ್ದು ಬಡ್ಡಿಗೆ ಹೋಯಿತು. ಅನ್ನಭಾಗ್ಯದ ಅಕ್ಕಿಯನ್ನು ಮನೆಬಾಗಿಲಿಗೆ ಬಂದವರಿಗೆ ಚಿಲ್ಲರೆ ದುಡ್ಡಿಗೆ ಮಾರಿ ದೋಸೆಗೆ ಅಂಗಡಿಯ ಅಕ್ಕಿ ತರುವ ಮನೆಗಳಿವೆ. ಅದು ಕಾನೂನಿಗೆ ವಿರುದ್ಧ, ರೇಷನ್ ಕಾರ್ಡಿಗೇ ಕುತ್ತು. ಪಡ್ಡು, ದೋಸೆಗೆ ಆ ಅಕ್ಕಿಯೇ ಆಗುತ್ತದೆ.

ಹೆಸ್ಕಾಂ ಬಿಲ್ಲಿನಲ್ಲಿ ಗೃಹಜ್ಯೋತಿಯ ಅರ್ಹ ಯೂನಿಟ್ ಎಷ್ಟೆಂದು ನೋಡಿ. ಅರ್ಹತೆಗಿಂತ ಹೆಚ್ಚು ಉರಿಸಿದರೆ ಹೆಚ್ಚಿನದಕ್ಕೆ ಮಾತ್ರ ಹಣ, 200 ದಾಟಿದರೆ ಪೂರ್ತಿ ಬಿಲ್ಲು. ಬಾಡಿಗೆ ಮನೆ ಬದಲಿಸಿದವರು ಹಳೆಯ ಮೀಟರಿನಿಂದ ಆಧಾರ್ ಬಿಡಿಸಿ ಹೊಸದಕ್ಕೆ ಜೋಡಿಸಬೇಕು. ಬಿಪಿ-ಸಕ್ಕರೆ ಗುಳಿಗೆಗೆ ಡಾಕ್ಟರ ಹತ್ತಿರ ಔಷಧದ ಮೂಲ ಹೆಸರು ಬರೆಸಿಕೊಂಡು ಜನೌಷಧಿ ಕೇಂದ್ರದಲ್ಲಿ ಕೇಳಿ.

ಗೃಹಲಕ್ಷ್ಮಿ ಬಂದಾಗ: 500 ಕಿರಾಣಿ ಉದ್ರಿಗೆ, 800 ಹಬ್ಬದ ಡಬ್ಬಿಗೆ, 700 ಆಪತ್ತಿನ ಡಬ್ಬಿಗೆ. ಮೂರು ಕಂತು ಬೀಳುವ ತಿಂಗಳಿಗೆ ಆಪತ್ತಿನ ಡಬ್ಬಿಯೇ ಆಧಾರ. ಹಬ್ಬದ ಡಬ್ಬಿಯಲ್ಲಿ ಜೂನಿನ ಶಾಲೆ, ಪಂಚಮಿಯ ಉಂಡಿ, ದೀಪಾವಳಿ, ಮದುವೆಯ ಆಯಾರ (ಉಡುಗೊರೆ) ಎಲ್ಲ ಸೇರಿವೆ. ಇವು ಪ್ರತಿ ವರ್ಷ ಬರುವಂಥವು, ಆದರೂ ಪ್ರತಿ ವರ್ಷ 'ಅಚಾನಕ್ ಖರ್ಚು' ಎಂದೇ ಕರೆಯುತ್ತೇವೆ. ಆಯಾರವನ್ನು ಈ ವರ್ಷ ಅರ್ಧ ಮಾಡಿ. ಊರು ಎರಡು ದಿನ ಆಡಿಕೊಂಡು ಸುಮ್ಮನಾಗುತ್ತದೆ.

ವಸೂಲಿಗೆ ಬಂದಾಗ

ಮೈಕ್ರೋ ಫೈನಾನ್ಸಿನವರು ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಫೋನ್ ಮಾಡುವಂತಿಲ್ಲ. ಬೈಯುವುದು, ಹೆದರಿಸುವುದು, ನೆಂಟರನ್ನು ಕಾಡುವುದು, ಹೆಸರು ಬಹಿರಂಗ ಮಾಡುವುದು ನಿಷಿದ್ಧ. 2025ರ ಫೆಬ್ರುವರಿ 12ರಂದು ರಾಜ್ಯದಲ್ಲಿ ಬಂದ ಸುಗ್ರೀವಾಜ್ಞೆ, ನಂತರ ಕಾಯ್ದೆಯಾದದ್ದು, ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇಟ್ಟಿದೆ. ಇದರಿಂದ ನ್ಯಾಯವಾದ ಸಾಲ ಮನ್ನಾ ಆಗುವುದಿಲ್ಲ. ಹಾಗೆಂದು ಹೇಳಿಕೊಂಡು ತಿರುಗುವವರಿಗೆ ಫೀ ಕೊಡಬೇಡಿ.

ಬಂದವರ ಐಡಿ ಕೇಳಿ, ಹೆಸರು ಮತ್ತು ಹೊತ್ತು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಜಗಳ ಬೇಡ, ಒಂದೇ ಮಾತು ಸಾಕು: 'ಈ ತಿಂಗಳ ಪೂರ್ತಿ ಆಗೂದಿಲ್ರಿ, ಹನ್ನೆರಡನೇ ತಾರೀಖಿಗೆ ಸಾವಿರದಾ ಆರನೂರು ಕಟ್ತೇನ್ರಿ, ಅರ್ಜಿ ಕೊಟ್ಟೇನ್ರಿ, ಇಲ್ಲಿ ಸೀಲ್ ಐತಿ ನೋಡ್ರಿ.' ಎಷ್ಟು ಕೊಟ್ಟರೂ ರಸೀದಿ ಬೇಕು, ಸಾಲದ ಕಾರ್ಡಿನಲ್ಲಿ ನಮೂದಾಗಬೇಕು. ವಸೂಲಿಗಾರನ ಸ್ವಂತ ಫೋನ್‌ಪೇಗೆ ಹಾಕಿದ್ದು ಸಾಲದ ಖಾತೆಗೆ ಮುಟ್ಟಿತೆಂಬ ಖಾತ್ರಿಯಿಲ್ಲ.

ಮಿತಿ ಮೀರಿದರೆ 112. ಸಂಸ್ಥೆಗೆ ಲಿಖಿತ ದೂರು ಕೊಟ್ಟು 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ವಿಚಾರಿಸುವ ಅಧಿಕಾರಿ) ದೂರು ಕೊಡಬಹುದು, ಮಾಹಿತಿಗೆ 14448. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ವರಮಾನ ಎಷ್ಟಿದ್ದರೂ ವಕೀಲರು ಪುಕ್ಕಟೆ, ಸಹಾಯವಾಣಿ 15100. ಮೊಬೈಲ್ ಆ್ಯಪ್ ಸಾಲದವರು ಫೋಟೋ ಕಳಿಸಿ ಹೆದರಿಸಿದರೆ ಒಂದು ಪೈಸೆಯೂ ಹಾಕದೆ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮನೆಯಲ್ಲಿ ಯಾರಾದರೂ ಊಟ-ನಿದ್ದೆ ಬಿಟ್ಟು, 'ನಾನ ಇರಲಿಲ್ಲಂದ್ರ ಚಲೋ' ಎಂಬಂಥ ಮಾತಾಡುತ್ತಿದ್ದರೆ ಅವರನ್ನು ಒಬ್ಬರನ್ನೇ ಬಿಡಬೇಡಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿಮನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ.

ಸಾಲ ಮುಚ್ಚಿದ ದಿನ

ಒಂದೊಂದು ಸಾಲ ಮುಗಿದಂತೆ ಅದರ ಕಂತನ್ನು ಮುಂದಿನ ಸಾಲದ ಅಸಲಿಗೆ ಹಚ್ಚಿ. ಹದಿನೈದು ದಿನದ 1,150 ಈ ಮನೆಯಲ್ಲಿ ಸುಮಾರು ಒಂದು ವರ್ಷಕ್ಕೆ ಮುಗಿಯುತ್ತದೆ. ಮರುದಿನದಿಂದಲೇ ಆ ಹಣ ಇನ್ನೊಂದು ಮೈಕ್ರೋ ಫೈನಾನ್ಸಿಗೆ ಹೋಗಲಿ, ಅವಧಿಗೆ ಮೊದಲು ಕಟ್ಟಿದರೆ ಅಲ್ಲಿ ದಂಡವಿಲ್ಲ.

ಮುಚ್ಚಿದ್ದಕ್ಕೆ 'ಬಾಕಿ ಇಲ್ಲ' ಪತ್ರ ಪಡೆಯಿರಿ. ಕಡಿಮೆ ಮೊತ್ತಕ್ಕೆ ಒಪ್ಪಂದವಾಗಿದ್ದರೆ ಆ ಒಪ್ಪಂದದ ಪತ್ರ ಕೈಗೆ ಬಂದ ಮೇಲೆಯೇ ಹಣ ಕಟ್ಟಿ. ಕ್ರೆಡಿಟ್ ವರದಿಯಲ್ಲಿ ಅದು 'ಸೆಟಲ್ಡ್' ಎಂದು ಬೀಳುತ್ತದೆ, ಮುಂದೆ ಮನೆ ಸಾಲ ಕೇಳುವಾಗ ಅಡ್ಡ ಬರುತ್ತದೆ ಎಂಬುದು ಗೊತ್ತಿರಲಿ. ಒಂದೂವರೆ ತಿಂಗಳು ಬಿಟ್ಟು ಸಾಲದ ದಾಖಲೆ ಇಡುವ ಸಿಬಿಲ್ ಅಥವಾ ಕ್ರಿಫ್ ಹೈಮಾರ್ಕ್ ಸಂಸ್ಥೆಯಿಂದ ವರದಿ ತೆಗೆದು ನೋಡಿ, ವರ್ಷಕ್ಕೊಮ್ಮೆ ಪುಕ್ಕಟೆ. ಮುಚ್ಚಿದ ಸಾಲ ಇನ್ನೂ ಬಾಕಿ ಎಂದಿದ್ದರೆ, ನೀವು ಎಂದೂ ಎತ್ತದ ಸಾಲ ನಿಮ್ಮ ಹೆಸರಿನಲ್ಲಿದ್ದರೆ, ಅಲ್ಲೇ ಆನ್‌ಲೈನಿನಲ್ಲಿ ತಕರಾರು ಹಾಕಿ. 30 ದಿನದೊಳಗೆ ಇತ್ಯರ್ಥವಾಗದಿದ್ದರೆ ಆಮೇಲಿನ ಪ್ರತಿ ದಿನಕ್ಕೂ ನಿಮಗೆ 100 ರೂಪಾಯಿ ಪರಿಹಾರ ಬರಬೇಕು.